ಮೋರಿಯಲ್ಲಿ ಸಿಕ್ಕ ವೇಸ್ಟು ಯಾರದು?

ಕಸ್ಟಮರ್ ಎನ್ನುವ ಮಾತು ನಮಗೆ ಗೊತ್ತಿರಲಿಲ್ಲ. ಮೋರಿ ಕಟ್ಟಿಕೊಂಡಿದೆ ಬನ್ನಿ ಎಂದು ಕರೆದವರನ್ನು ‘ಮನೆಯವರು’ ಎನ್ನುತ್ತಿದ್ದೆವು. ಫ್ಯಾಕ್ಟರಿ ಶೆಡ್ಡಿನ ಮ್ಯಾನೇಜರು ಕರೆದರೂ ನಮ್ಮ ಬಾಯಲ್ಲಿ ಅವನು ಮನೆಯವನೇ. ಎಪ್ಪತ್ತರ ದಶಕದಲ್ಲಿ ಪೀಣ್ಯದ ಶೆಡ್ಡುಗಳು ಸಾಲಾಗಿ ಏಳುತ್ತಿದ್ದ ಕಾಲದಿಂದ ಹಿಡಿದು ಎಂಬತ್ತರ ಕೊನೆಯವರೆಗೆ ನಾನು ಮತ್ತು ನನ್ನ ಗಂಡ ಚಿಕ್ಕಣ್ಣ ಪೀಣ್ಯ, ದಾಸರಹಳ್ಳಿ, ಬಾಗಲಗುಂಟೆ ಸುತ್ತಮುತ್ತ ಮೋರಿ ಬಿಡಿಸುವುದು, ಒಡೆದ ಪೈಪು ಕೂರಿಸುವುದು, ಇಷ್ಟೇ ಮಾಡಿದೆವು. ಬಚ್ಚಲ ನೀರು, ಪಾತ್ರೆ ತೊಳೆದ ನೀರು, ಶೆಡ್ಡಿನ ಎಣ್ಣೆನೀರು ಹರಿಯುವ ಮೋರಿ. ಕಕ್ಕಸಿನ ಗುಂಡಿಗೆ ಇಳಿಯಲಿಲ್ಲ. ಇಳಿಯಿರಿ ಎಂದವರಿಗೆ ನೀವೇ ಇಳೀರಿ ಎಂದೆವು.

ನಾನು ಮೂರನೇ ಕ್ಲಾಸಿನವರೆಗೆ ಓದಿದವಳು. ಬರೆದಿದ್ದರಲ್ಲಿ ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ. ಹೇಳಿದ್ದರಲ್ಲಿ ತಪ್ಪಿಲ್ಲ.

ಈಗ ಮಿಷನ್ ಗಾಡಿ ತಂದು ಕೆಲಸ ಮಾಡುವವರನ್ನು ನೋಡುತ್ತೇನೆ. ಬರುತ್ತಾರೆ, ಪೈಪು ತೂರಿಸುತ್ತಾರೆ, ಭರ್ರೆಂದು ನೀರು ಬಿಡುತ್ತಾರೆ, ಗಾಡಿ ಹತ್ತುತ್ತಾರೆ. ಎಲ್ಲಿ ಕಟ್ಟಿತ್ತಪ್ಪ, ಯಾಕೆ ಕಟ್ಟಿತ್ತು ಎಂದರೆ ‘ಕ್ಲಿಯರ್ ಆಯ್ತಲ್ಲ ಆಂಟಿ’ ಎನ್ನುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ನೀರು ಹೋದರೆ ಕೆಲಸ ಮುಗಿಯಿತು ಎಂದು ಇವರಿಗೆ ಹೇಳಿಕೊಟ್ಟವನು ಯಾರು? ಮೋರಿ ಕಟ್ಟಿತೆಂದರೆ ಆ ಮನೆಯಲ್ಲಿ ನೀವು ಕಾಲಿಡುವ ಮೊದಲೇ ಒಂದು ಜಗಳ ನಡೆದಿರುತ್ತದೆ. ಅತ್ತೆ ಸೊಸೆಯನ್ನು ಬೈದಿರುತ್ತಾಳೆ, ಮೇಲಿನ ಮನೆಯವರು ಕೆಳಗಿನ ಮನೆಯವರನ್ನು ಬೈದಿರುತ್ತಾರೆ, ಓನರು ಬಾಡಿಗೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿ ಬೈದಿರುತ್ತಾನೆ. ಅನ್ನ ಚೆಲ್ಲಿದವರು ಯಾರು, ಕೂದಲು ಬಿಟ್ಟವರು ಯಾರು, ತೆಂಗಿನ ನಾರು ಹಾಕಿದವರು ಯಾರು? ನೀವು ಕೈಹಾಕಿ ಏನು ಎಳೆಯುತ್ತೀರೋ ಅದನ್ನೇ ಎಲ್ಲರೂ ಕಾಯುತ್ತಿರುತ್ತಾರೆ. ಆಗ ಬಾಯಿಗೆ ಬಂದದ್ದು ಹೇಳಿದರೆ ಒಬ್ಬರ ಮನೆ ಹಾಳಾಗುತ್ತದೆ. ಇದನ್ನು ನಾನು ಯಾರಿಂದಲೋ ಕೇಳಿ ಬರೆಯುತ್ತಿಲ್ಲ. ನಾನೇ ಮಾಡಿದ್ದೇನೆ. ಅದನ್ನು ಹೇಳುವುದಕ್ಕೇ ಕೂತಿದ್ದೇನೆ.

ಮೊದಲು ಈ ಕೆಲಸಕ್ಕೆ ಹೇಗೆ ಬಂದೆ ಎಂದು ಹೇಳಿಬಿಡುತ್ತೇನೆ. ಚಿಕ್ಕಣ್ಣ ಬಾವಿ ತೋಡುವವನು. ಪೀಣ್ಯದಲ್ಲಿ ಶೆಡ್ಡುಗಳು ಬಂದಾಗ ಆರ್ಮುಗಂ ಎನ್ನುವ ಮೇಸ್ತ್ರಿಯ ಕೈಕೆಳಗೆ ಸುಟ್ಟ ಮಣ್ಣಿನ ಜೇಡಿಪೈಪು ಹೂಳುವ ಕೆಲಸಕ್ಕೆ ಸೇರಿದ. ನಾನು ಮಣ್ಣು ಹೊರುತ್ತಿದ್ದೆ. ಪೈಪು ಹೂತವರನ್ನೇ ಅದು ಕಟ್ಟಿದಾಗಲೂ ಕರೆಯುತ್ತಿದ್ದರು. ಮನೆಗಳಲ್ಲಿ ಒಂದು ತೊಡಕಿತ್ತು. ಗಂಡಸರು ಶಿಫ್ಟಿಗೆ ಹೋಗಿರುತ್ತಿದ್ದರು, ಹೆಂಗಸರು ಮಾತ್ರ ಇರುವ ಮನೆಯ ಬಚ್ಚಲಿಗೆ ಬೇರೆ ಗಂಡಸನ್ನು ಬಿಡುತ್ತಿರಲಿಲ್ಲ. ಒಂದು ದಿನ ದಾಸರಹಳ್ಳಿಯಲ್ಲಿ ಇಂಥದೇ ಒಂದು ಮನೆಯ ಬಾಗಿಲಲ್ಲಿ ಆರ್ಮುಗಂ ಬಹಳ ಹೊತ್ತು ನಿಂತು ಸಾಕಾಗಿ, ಬಿದಿರ ದಬ್ಬೆಯನ್ನು ನನ್ನ ಕೈಗೆ ಕೊಟ್ಟ.

‘ನೀ ಓಗಮ್ಮಾ ಒಳಗೆ. ತಳ್ಳು, ತಿರುಗ್ಸು, ಎಳಿ. ಅಷ್ಟೇ.’

‘ನಂಗೆ ಬರಲ್ಲ ಮೇಸ್ತ್ರಿ.’

‘ರೊಟ್ಟಿ ತಟ್ಟೋದು ಒಟ್ಟೇಲೇ ಕಲ್ತ್ಕೊಂಡು ಬಂದ್ಯಾ? ಓಗಮ್ಮಾ ಅಂದ್ರೆ.’

ಹೋದೆ. ಬಂದಿತು. ಬಿದಿರನ್ನು ಉದ್ದಕ್ಕೆ ಸೀಳಿ, ನಯ ಮಾಡಿ, ಒಂದಕ್ಕೊಂದು ತಂತಿಯಲ್ಲಿ ಬಿಗಿದು, ತುದಿಗೆ ಕೊಕ್ಕೆ ಹಾಕಿದರೆ ಅದೇ ನಮ್ಮ ದಬ್ಬೆ. ಅದು ಪೈಪಿನೊಳಗೆ ಬಾಗುತ್ತದೆ, ಮುರಿಯುವುದಿಲ್ಲ. ಕೈಗೆ ಮಾತಾಡುತ್ತದೆ. ಕೂದಲಾದರೆ ಮೆತ್ತಗೆ ಹಿಂದಕ್ಕೆ ಎಳೆಯುತ್ತದೆ, ಮರಳಾದರೆ ಕರಕರ ಎನ್ನುತ್ತದೆ, ಬೇರು ನುಗ್ಗಿದ್ದರೆ ಅಲ್ಲಾಡದೆ ನಿಲ್ಲುತ್ತದೆ. ಆಮೇಲೆ ಕಬ್ಬಿಣದ ಸ್ಪ್ರಿಂಗು ಬಂತು. ಅದು ಬೇಗ ಹೋಗುತ್ತದೆ ನಿಜ, ಆದರೆ ಏನಕ್ಕೆ ತಗುಲಿತು ಎಂದು ಕೈಗೆ ತಿಳಿಯುವುದಿಲ್ಲ. ಹಳೆಯ ಜೇಡಿಪೈಪನ್ನು ಎಷ್ಟೋ ಕಡೆ ಒಡೆದೇ ಹಾಕಿತು. ಸ್ಪ್ರಿಂಗು ಕೊಂಡವರು ಪೈಪು ಒಡೆದು, ಪೈಪು ಹಳೇದಾಗಿತ್ತು ಎಂದು ಮನೆಯವರಿಗೆ ಹೇಳಿ ಹೋಗುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೇನೆ.

ಆರ್ಮುಗಂ ಬಾಯಿ ಕೆಟ್ಟದ್ದು, ಕೆಲಸ ಒಳ್ಳೆಯದು. ಯಾವ ಗುಂಡಿಗೇ ಆಗಲಿ ಮನುಷ್ಯ ತಲೆ ಬಗ್ಗಿಸುವ ಮೊದಲು ಹಗ್ಗ ಕಟ್ಟಿ ಲಾಟೀನು ಇಳಿಸುತ್ತಿದ್ದ. ಒಂದು ಶೆಡ್ಡಿನಲ್ಲಿ ಎಣ್ಣೆನೀರಿನ ಗುಂಡಿ ತುಂಬಿ ಮಿಷನ್ನಿನ ಬುಡಕ್ಕೆ ನೀರು ಬಂದಿತ್ತು. ಅಲ್ಲಿಯ ಸೂಪರ್‌ವೈಸರು ಮೂಗಿಗೆ ಕರ್ಚೀಫು ಹಿಡಿದುಕೊಂಡು ನಿಂತಿದ್ದ.

‘ಏನಯ್ಯಾ ಇದು ಹಾಡಹಗಲಲ್ಲಿ ಲಾಟೀನು? ದೀಪಾರಾಧನೆಗೆ ಬಂದಿದೀರಾ?’

‘ಆಮಾ ಸಾರ್. ಮೊದ್ಲು ದೀಪ ಇಳೀಲಿ. ಅದು ಉರೀತಾ ವಾಪಸ್ ಬಂದ್ರೆ ನಾವು ಇಳೀತೀವಿ.’

ಲಾಟೀನು ಆರಿಹೋಗಿ ಬಂತು, ಎಂದರೆ ಒಳಗೆ ಉಸಿರಾಡುವ ಗಾಳಿಯಿಲ್ಲ. ಸೂಪರ್‌ವೈಸರಿಗೆ ಅದು ಕಾಣಲೇ ಇಲ್ಲ. ‘ಟೈಮ್ ವೇಸ್ಟ್ ಮಾಡ್ಬೇಡಿ, ಇಳೀರಿ. ಇಲ್ಲಾಂದ್ರೆ ಬೇರೆಯವ್ರನ್ನ ಕರೀತೀನಿ’ ಎಂದ.

‘ಕರೀರಿ ಸಾರ್. ಲಾಟೀನು ಇಲ್ಲೇ ಬಿಟ್ಟೋಗ್ತೀನಿ, ಅವ್ರಿಗೂ ಬೇಕಾಗ್ತದೆ.’

ನಾವು ಇಳಿಯಲಿಲ್ಲ. ಮೇಲೆ ನಿಂತು ಬಕೀಟಿಗೆ ಹಗ್ಗ ಕಟ್ಟಿ ಸೇದಿ ಸೇದಿ ಆ ಗುಂಡಿ ಖಾಲಿ ಮಾಡಿದೆವು. ಇಡೀ ದಿನ ಹಿಡಿಯಿತು. ಅವನು ಮತ್ತೆ ನಮ್ಮನ್ನು ಕರೆಯಲಿಲ್ಲ. ಒಬ್ಬ ಮನುಷ್ಯನ ಉಸಿರಿಗಿಂತ ತನ್ನ ಮಿಷನ್ನಿನ ಕಾಲು ದೊಡ್ಡದು ಎಂದುಕೊಂಡವನ ಕೆಲಸ ಹೋದರೆ ಹೋಗಲಿ.

ನೀರಿನ ವಿಷಯವನ್ನೂ ಬರೆಯಬೇಕು. ಬೆಳಗಿನಿಂದ ಅವರ ಮನೆಯ ಬಚ್ಚಲು ಬಿಡಿಸಿ, ನೆಲ ತೊಳೆದು, ಹೊಸ್ತಿಲಲ್ಲಿ ಹಾಕಿದ್ದ ರಂಗೋಲಿ ಅಳಿಯದಂತೆ ಗೋಣಿಚೀಲ ಬದಿಗೆ ಹಾಸಿ ಓಡಾಡಿ, ಕೊನೆಗೆ ಕುಡಿಯಲು ನೀರು ಕೊಡಿ ಎಂದರೆ ಮೊದಲು ‘ನೀವು ಯಾವ ಜನ’ ಎಂದು ಕೇಳುತ್ತಿದ್ದರು. ಆಮೇಲೆ ಕೈ ಬೊಗಸೆ ಮಾಡಿ ಎಂದು ಮೇಲಿನಿಂದ ಹುಯ್ಯುತ್ತಿದ್ದರು. ಎರಡು ಸಲ ಕುಡಿದೆ. ಮೂರನೆಯ ಸಲದಿಂದ ನನ್ನ ಲೋಟ ನಾನೇ ತಂದೆ. ‘ಅಯ್ಯೋ ಬೇಜಾರು ಮಾಡ್ಕೊಂಡ್ರಾ’ ಎಂದವರಿಗೆ ‘ಹೂಂ ಕಣ್ರೀ, ಮಾಡ್ಕೊಂಡೆ’ ಎಂದೆ. ಅವರಿಗೆ ಮೋರಿ ಬಿಡಿಸಿಕೊಡುವುದರಲ್ಲಿ ಮಾತ್ರ ಕಮ್ಮಿ ಮಾಡಲಿಲ್ಲ. ಬೇಜಾರು ಮಾಡಿಕೊಂಡು ಕೆಲಸ ಕೆಡಿಸಿದರೆ ಅವರು ಗೆದ್ದಂತೆ.

ನಮ್ಮ ರೀತಿ ಹೀಗಿತ್ತು. ದಬ್ಬೆ ಹಾಕುವ ಮೊದಲು ಒಂದು ಕೊಡ ಕೆಮ್ಮಣ್ಣಿನ ನೀರು ಹುಯ್ದು ಅದು ಎಲ್ಲಿ ಹೊರಬರುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ನೋಡುವುದು. ಕೆಲಸ ಮುಗಿದ ಮೇಲೆ ನೀರು ನಾವು ಹುಯ್ಯುವುದಿಲ್ಲ, ಮನೆಯವರೇ ಹುಯ್ದು ನೋಡಬೇಕು. ತೆಗೆದ ಕೊಚ್ಚೆಯನ್ನು ಪಕ್ಕದ ಮನೆಯ ಮುಂದೆ ಸುರಿಯುವಂತಿಲ್ಲ. ಗೋಣಿಯಲ್ಲಿ ಕಟ್ಟಿ ನಮ್ಮ ಮನೆಯ ಹಿಂದಿನ ತಿಪ್ಪೆಗೇ ಹೊತ್ತು ತರುತ್ತಿದ್ದೆವು. ಆರ್ಮುಗಂ ಇನ್ನೂ ಒಂದು ಹೇಳಿಕೊಟ್ಟಿದ್ದ: ‘ಮೊದ್ಲು ನೀರು ಬಿಟ್ಟು ನೋಡು, ಆಮೇಲೆ ಬಾಯಿ ಬಿಡು.’ ಅದರಲ್ಲಿ ಮೊದಲರ್ಧ ಮಾತ್ರ ನಾನು ಕಲಿತೆ.

ಯಾಕೆಂದರೆ ನನಗೆ ಸೊಕ್ಕು ಬಂದಿತ್ತು. ಆರ್ಮುಗಂ ಊರಿಗೆ ಹೋದ ಮೇಲೆ ನಾವಿಬ್ಬರೇ ಕೆಲಸ ಹಿಡಿದೆವು, ನನ್ನ ಹೆಸರೇ ಮೊದಲು ಬಂತು. ‘ಮೋರಿ ಕೆಂಪಮ್ಮನ್ನ ಕರೀರಿ’ ಎನ್ನುತ್ತಿದ್ದರು. ಕೊಚ್ಚೆ ನೋಡಿದರೆ ಸಾಕು, ಯಾರ ಮನೆಯದೆಂದು ಹೇಳಿಬಿಡುತ್ತಿದ್ದೆ. ಹುಣಸೆ ಬೀಜ, ಟೀ ಚರಟ, ರಾಗಿ ತೌಡು, ಸೀಗೆಪುಡಿ. ಶಾಲೆ ಬಿಟ್ಟವಳು ಮೋರಿ ಓದುತ್ತಾಳೆ ಎಂದು ಜನ ಹೊಗಳಿದರು, ನಾನು ಉಬ್ಬಿದೆ.

ಬಾಗಲಗುಂಟೆಯಲ್ಲಿ ಬೈಲಪ್ಪ ಎನ್ನುವವನು ರಾಗಿ ಹೊಲದಲ್ಲಿ ವಠಾರಗಳನ್ನು ಕಟ್ಟಿಸಿದ್ದ. ಅವನ ಮೂರು ವಠಾರಗಳ ಮೋರಿಯೂ ನಮ್ಮ ಕೈಯಲ್ಲೇ. ನಾನು ಹೇಳುವ ವಠಾರದಲ್ಲಿ ಎಂಟು ಮನೆ, ನಡುವೆ ಅಂಗಳ, ಅಂಗಳದಲ್ಲಿ ಒಂದೇ ಬಟ್ಟೆಕಲ್ಲು. ಎಂಟೂ ಬಚ್ಚಲ ನೀರು ಅಂಗಳದ ಅಡಿಯಲ್ಲಿ ಒಂದೇ ಪೈಪಿನಲ್ಲಿ ಹರಿದು, ಹಿಂದಿನ ಗೋಡೆ ದಾಟಿ, ಓಣಿಯ ಆಚೆಗಿನ ಇಂಗುಗುಂಡಿಗೆ ಬೀಳುತ್ತಿತ್ತು. ಒಂದು ದಿನ ಅಂಗಳದಲ್ಲೆಲ್ಲ ಕೊಳೆನೀರು ನಿಂತಿದೆ ಎಂದು ಬೈಲಪ್ಪ ಹೇಳಿಕಳಿಸಿದ.

ಹೋಗಿ ದಬ್ಬೆ ಹಾಕಿದೆ. ಆರನೇ ಮನೆಯಿಂದ ಸ್ವಲ್ಪ ಕೆಳಗೆ ಏನೋ ತಗುಲಿತು. ಎಳೆದರೆ ಮುದ್ದೆಯಷ್ಟು ದಪ್ಪದ ನೂಲಿನ ಸಿಕ್ಕು ಬಂತು, ಕಪ್ಪಗೆ, ಅಲ್ಲಲ್ಲಿ ಬೂದು ಬಣ್ಣ ಹಿಡಿದು ಗಟ್ಟಿಯಾಗಿತ್ತು. ನೋಡಿದ ಕೂಡಲೇ ಗುರುತಾಯಿತು. ಅದು ವೇಸ್ಟು. ಮಿಷನ್ನಿನ ಎಣ್ಣೆ ಕೈ ಒರೆಸಿಕೊಳ್ಳಲು ಫ್ಯಾಕ್ಟರಿಯಲ್ಲಿ ಕೆಲಸಗಾರರಿಗೆ ಕೊಡುತ್ತಿದ್ದ ಹಾಳುನೂಲು. ಉಳಿದದ್ದನ್ನು ಊಟದ ಚೀಲದಲ್ಲಿ ತುರುಕಿಕೊಂಡು ಮನೆಗೆ ತರುತ್ತಿದ್ದರು. ಹೆಂಗಸರು ಅದರಲ್ಲಿ ಪಾತ್ರೆ ಉಜ್ಜುತ್ತಿದ್ದರು, ಒಲೆ ಹೊತ್ತಿಸುತ್ತಿದ್ದರು. ಪೀಣ್ಯ ಸುತ್ತಿನ ಫ್ಯಾಕ್ಟರಿ ಕೆಲಸದವರ ಯಾವ ಮನೆಯಲ್ಲಿ ನೋಡಿದರೂ ಒಂದು ಹಿಡಿ ವೇಸ್ಟು ಇರುತ್ತಿತ್ತು.

ನಾನು ಅದನ್ನು ಕೊಕ್ಕೆಯಲ್ಲಿ ಎತ್ತಿ ಹಿಡಿದು, ವಠಾರಕ್ಕೆಲ್ಲ ಕೇಳುವಂತೆ ಕೇಳಿದೆ: ‘ಇದು ಫ್ಯಾಕ್ಟ್ರಿ ವೇಸ್ಟು. ಇಲ್ಲಿ ಮಿಷನ್ ಕೆಲ್ಸಕ್ಕೆ ಹೋಗೋರು ಯಾರು?’

ಎಲ್ಲರ ಕಣ್ಣು ಆರನೇ ಮನೆಯ ಕಡೆ ತಿರುಗಿತು. ಆ ವಠಾರದಲ್ಲಿ ಒಬ್ಬ ಬಸ್ ಕಂಡಕ್ಟರು, ಒಬ್ಬ ಸ್ಕೂಲಿನ ಜವಾನ, ಒಬ್ಬ ಗೋಡೌನಿನ ವಾಚ್‌ಮನ್, ಹೀಗೆ. ಮಿಷನ್ ಮುಟ್ಟುವವನು ಆರನೇ ಮನೆಯ ರಂಗಸ್ವಾಮಿ ಒಬ್ಬನೇ, ತಗಡು ಒತ್ತುವ ಪ್ರೆಸ್ ಶಾಪಿನಲ್ಲಿ. ಅವನು ಶಿಫ್ಟಿಗೆ ಹೋಗಿದ್ದ. ಹೆಂಡತಿ ಸಾವಿತ್ರಿ ಒದ್ದೆ ಬಟ್ಟೆ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

‘ನಮ್ಮನೇದಲ್ಲ ಅಕ್ಕ ಅದು’ ಎಂದಳು.

‘ಮೋರಿ ಸುಳ್ಳು ಹೇಳಲ್ಲ ಕಣಮ್ಮ’ ಎಂದೆ ನಾನು.

ಆ ಮಾತು ನನ್ನ ಬಾಯಿಂದಲೇ ಬಂದದ್ದು. ಬೈಲಪ್ಪನಿಗೆ ಅಷ್ಟೇ ಸಾಕಾಯಿತು. ‘ನಂಗೊತ್ತಿತ್ತು! ಅಂಗಳ ಕೆರೆ ಮಾಡಿಟ್ಟವ್ರೆ. ಅಮಾಸೆ ಒಳಗೆ ಮನೆ ಕಾಲಿ ಮಾಡ್ಬೇಕು, ನಿನ್ ಗಂಡಂಗೂ ಏಳು’ ಎಂದು ಕೂಗಿದ. ನಾನು ಗೋಣಿ ಕಟ್ಟಿಕೊಂಡು ಕೈ ತೊಳೆದು ಬಂದೆ. ಒಳ್ಳೆಯ ಕೆಲಸ ಮಾಡಿದೆ ಎಂದೇ ಅಂದುಕೊಂಡಿದ್ದೆ.

ನಾಲ್ಕು ದಿನ ಬಿಟ್ಟು ಸಾವಿತ್ರಿ ನಮ್ಮ ಮನೆ ಹುಡುಕಿಕೊಂಡು ಬಂದಳು. ನಾನು ಜಗಲಿಯ ಮೇಲೆ ಹೊಸ ದಬ್ಬೆ ಸೀಳುತ್ತಿದ್ದೆ. ಅವಳು ಕೂತುಕೊಳ್ಳಲಿಲ್ಲ. ಸೆರಗಿನ ಗಂಟು ಬಿಚ್ಚಿ ನನ್ನ ಮುಂದೆ ಒಂದು ಹಿಡಿ ಬಟ್ಟೆ ಚೂರು ಸುರಿದಳು, ಕೆಂಪು, ಹಳದಿ, ನೀಲಿ.

‘ಏನಿದು?’

‘ನಮ್ಮೆಜಮಾನ್ರ ಫ್ಯಾಕ್ಟ್ರಿ ವೇಸ್ಟು. ನೋಡ್ಕೊಳ್ಳಿ. ಬನಿಯನ್ ಬಟ್ಟೆ ಚೂರು. ಅವ್ರು ಸೇರ್ದಾಗಿಂದ ಇದನ್ನೇ ಕೊಡೋದು. ನೀವು ಮೋರೀಲಿ ತೆಗೆದಿದ್ದು ನೂಲು. ನಮ್ಮನೆಗೆ ನೂಲು ಎಲ್ಲಿಂದ ಬರ್ತದೆ, ಹೇಳಿ?’

ನನಗೆ ಸಿಟ್ಟು ಬಂತು. ತಪ್ಪು ಮಾಡಿದವರಿಗೆ ಮೊದಲು ಬರುವುದು ಸಿಟ್ಟೇ. ‘ಅದನ್ನ ಅವತ್ತೇ ಹೇಳ್ಬೇಕಿತ್ತು’ ಎಂದೆ.

‘ಹೇಳಕ್ಕೆ ಬಿಟ್ರಾ? ನಮ್ಮನೇದಲ್ಲ ಅಂದಿದ್ದಕ್ಕೆ ಏನಂದ್ರಿ ನೀವು?’

‘ನಿನ್ ಗಂಡನ್ನ ಕರ್ಕೊಂಡು ಹೋಗಿ ಬೈಲಪ್ಪಂಗೆ ತೋರ್ಸು.’

‘ಅವ್ರು ನನ್ ಜೊತೆ ಮಾತು ಬಿಟ್ಟು ನಾಲ್ಕು ದಿನ ಆಯ್ತು. ಮೋರಿ ಕೆಂಪಮ್ಮನೇ ಹೇಳಿದ್ಮೇಲೆ ಸುಳ್ಳಾಗ್ತದಾ ಅಂತಾರೆ. ನಿನ್ನಿಂದ ಮನೆ ಹೋಯ್ತು ಅಂತಾರೆ. ಕಂಡಕ್ಟರ್ ಹೆಂಡ್ತಿ ನನ್ನ ಬಟ್ಟೆಕಲ್ಲು ಮುಟ್ಟಕ್ಕೂ ಬಿಡ್ತಿಲ್ಲ. ಅಮಾವಾಸ್ಯೆಗೆ ಇನ್ನು ಆರೇ ದಿನ. ಎರಡು ಮಕ್ಕಳು ಕಟ್ಕೊಂಡು ಎಲ್ಲಿಗೆ ಹೋಗ್ಲಿ? ಮೋರಿ ಕಟ್ಕೊಳ್ಳೋ ಹಾಗೆ ಮಾಡಿದೋರು ಅಂತ ಹೆಸ್ರು ಬಿದ್ರೆ ಯಾವ ಓನರ್ ಮನೆ ಕೊಡ್ತಾನೆ?’

ಒಳಗಿದ್ದ ಚಿಕ್ಕಣ್ಣ ಹೊರಗೆ ಬಂದ. ಅವನದು ಮಾತು ಕಮ್ಮಿ. ‘ಕೆಂಪಿ, ಆ ವೇಸ್ಟು ಗಟ್ಟಿಯಾಗಿತ್ತು’ ಎಂದ.

‘ಸೋಪು ಮೆತ್ಕೊಂಡಿತ್ತು.’

‘ಸೋಪು ಅಂಗೆ ಗಟ್ಟಿಯಾಗ್ತದಾ?’

ಮೂವರೂ ಹಿಂದಿನ ತಿಪ್ಪೆಗೆ ಹೋದೆವು. ಕೋಲಿನಲ್ಲಿ ಕೆದಕಿ ಆ ಮುದ್ದೆ ಹುಡುಕಿ ತೆಗೆದು ಕಲ್ಲಿಗೆ ಕುಟ್ಟಿದೆ. ಟಣ್ ಎಂದಿತು. ಬೂದು ಬಣ್ಣದ್ದು ಸೋಪಲ್ಲ, ಸಿಮೆಂಟು.

ಕೆಲಸ ಗೊತ್ತಿಲ್ಲದವರಿಗೆ ಬಿಡಿಸಿ ಹೇಳಬೇಕು. ಜೇಡಿಪೈಪಿನ ಒಂದು ಬಾಯಿ ಅಗಲ. ಅದರೊಳಗೆ ಮುಂದಿನ ಪೈಪಿನ ಬಾಲ ಕೂರಿಸಿ, ಸುತ್ತ ಉಳಿದ ಸಂದಿಗೆ ಟಾರಿನಲ್ಲಿ ಅದ್ದಿದ ಸಣಬಿನ ಹಗ್ಗ ಬಿಗಿಯಾಗಿ ತುರುಕಿ, ಮೇಲೆ ಸಿಮೆಂಟು ಮೆತ್ತಬೇಕು. ಸಣಬು ನೀರು ಕುಡಿದು ಉಬ್ಬಿ ಹಿಡಿದುಕೊಳ್ಳುತ್ತದೆ. ಅದರ ಬದಲು ಯಾರೋ ವೇಸ್ಟು ತುರುಕಿದ್ದರು. ಹಾಳುನೂಲು ಹಿಡಿದುಕೊಳ್ಳುವುದಿಲ್ಲ, ಸಿಮೆಂಟು ಸಮೇತ ಕಳಚಿ ಪೈಪಿನೊಳಗೆ ಜೋತುಬೀಳುತ್ತದೆ. ಆ ವೇಸ್ಟು ಯಾರ ಬಚ್ಚಲಿಂದಲೂ ಬಂದದ್ದಲ್ಲ. ಪೈಪಿನದ್ದೇ. ಪೈಪು ಹೂಳುವ ಕೆಲಸದಿಂದಲೇ ಬಂದ ನನಗೆ ಅದು ಹೊಳೆಯಲಿಲ್ಲ. ಮನುಷ್ಯರ ಮುಖ ನೋಡುತ್ತಿದ್ದೆ, ಪೈಪು ನೋಡಲಿಲ್ಲ.

ಮಾರನೆಯ ಬೆಳಿಗ್ಗೆ ಬೈಲಪ್ಪನ ಮನೆಗೆ ಹೋದೆ. ಅಂಗಳದಲ್ಲಿ ಒಂದು ಜಾಯಿಂಟು ಅಗೆದು ನೋಡಬೇಕು, ಪುಕ್ಕಟೆ ಮಾಡುತ್ತೇವೆ ಎಂದೆ. ವೇಸ್ಟಿನ ಮಾತೇ ಎತ್ತಿರಲಿಲ್ಲ.

‘ಯಾಕೆ ಅಗೀಬೇಕು? ನೀರು ಓಯ್ತಾ ಐತಲ್ಲ.’

‘ಜಾಯಿಂಟು ಸರಿಯಾಗಿಲ್ಲ ಅನ್ಸುತ್ತೆ ಗೌಡ್ರೆ.’

‘ಏನ್ ಸರಿಯಾಗಿಲ್ಲ? ಈ ಪೈಪ್ ಆಕಿದ ಮೇಸ್ತ್ರಿನೂ ಇಂಗೇ ಸಣಬು ಸಣಬು ಅಂತ ಪ್ರಾಣ ತಿಂದ. ಸಣಬಾದ್ರೇನು ವೇಸ್ಟಾದ್ರೇನು, ಸಂದೀಗೆ ತುರ್ಕಕ್ಕೆ ಒಂದು ಬೇಕು ತಾನೆ? ಗುಜರಿಯಿಂದ ಒಂದು ಮೂಟೆ ನಾನೇ ತಂದಾಕಿದ್ದೆ.’

ಹೇಳಿದ ಮೇಲೆ ತಾನೇನು ಹೇಳಿದೆ ಎಂದು ಅವನಿಗೆ ಗೊತ್ತಾಯಿತು. ಸಾವಿತ್ರಿಯನ್ನು ಮನೆ ಬಿಡು ಎಂದ ದಿನ ಇದು ಅವನಿಗೆ ನೆನಪಿತ್ತೋ ಇಲ್ಲವೋ, ಇವತ್ತಿಗೂ ನನಗೆ ತಿಳಿಯದು. ನೆನಪಾದ ಮೇಲೆ ಅವನು ಆಡಿದ ಮಾತು ಮಾತ್ರ ತಿಳಿದಿದೆ.

‘ಈಗ ಬೇಡ ಕೆಂಪಮ್ಮ. ಆ ಜನ ಓಗ್ಬಿಡ್ಲಿ. ಮುಂದಿನ ತಿಂಗಳು ನೀನೇ ಅಗ್ದು ಸರಿ ಮಾಡ್ಕೊಡು. ಮೂರೂ ವಟಾರ ನಿಂದೇ ಅಲ್ವಾ?’

‘ತಪ್ಪಿಲ್ದೋರು ಯಾಕೆ ಹೋಗ್ಬೇಕು ಗೌಡ್ರೆ?’

‘ನಿನ್ನ ಕರ್ದಿದ್ದು ಯಾರು? ನಾನು. ಮನೆಯವ್ನು ನಾನಾ ಅವ್ಳಾ?’

ಅಷ್ಟು ವರ್ಷ ಮನೆಯವರು ಮನೆಯವರು ಎಂದು ಹೇಳಿಕೊಂಡು ಬಂದಿದ್ದೆ, ಯಾರು ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಕರೆದವನು ಮನೆಯವನಾ, ಬಚ್ಚಲಲ್ಲಿ ಮೊಣಕಾಲುದ್ದ ಕೊಳೆನೀರಲ್ಲಿ ನಿಂತವಳು ಮನೆಯವಳಾ?

‘ನೀವು ಓನರು. ಮನೆಯವ್ರು ಒಳಗವ್ರೆ’ ಎಂದು ಹೇಳಿ ಬಂದೆ.

ಅಂಗಳ ಅವನದು, ಅಗೆಯುವಂತಿರಲಿಲ್ಲ. ಓಣಿ ಅವನದಲ್ಲ. ಗೋಡೆ ದಾಟಿದ ಮೇಲೆ ಓಣಿಯಲ್ಲಿ ಒಂದು ಜಾಯಿಂಟು ಇದ್ದೇ ಇರಬೇಕು. ಚಿಕ್ಕಣ್ಣ ಗುದ್ದಲಿ ತಂದ. ಅವನು ಅಗೆಯುವಷ್ಟರಲ್ಲಿ ನಾನು ವಠಾರದ ಹೆಂಗಸರನ್ನೆಲ್ಲ ಕರೆದು ನಿಲ್ಲಿಸಿದೆ. ಸಾವಿತ್ರಿಯೂ ಬಂದು ಗೋಡೆಯ ಪಕ್ಕ ದೂರವೇ ನಿಂತಳು. ಪೈಪು ಕಂಡಿತು. ಜಾಯಿಂಟಿನ ಸಿಮೆಂಟು ಒಂದೇ ಏಟಿಗೆ ಬಿಟ್ಟುಕೊಂಡಿತು. ಒಳಗೆ ಕಪ್ಪು ನೂಲು. ನಾನು ಮುಟ್ಟಲಿಲ್ಲ. ಬಟ್ಟೆಕಲ್ಲು ಮುಟ್ಟಬೇಡ ಎಂದಿದ್ದ ಕಂಡಕ್ಟರ್ ಹೆಂಡತಿಗೇ ‘ನೀವೇ ಎಳೀರಮ್ಮ’ ಎಂದೆ. ಅವಳು ಸೆರಗು ಸಿಕ್ಕಿಸಿಕೊಂಡು ಎಳೆದಳು. ಎಳೆದಷ್ಟೂ ಬಂತು, ಅರ್ಧ ಪೈಪಿನ ಸುತ್ತಿನಿಂದ, ಅರ್ಧ ಪೈಪಿನ ಹೊಟ್ಟೆಯೊಳಗಿನಿಂದ.

ಯಾರೋ ಹೇಳಿಕಳಿಸಿದರೆಂದು ತೋರುತ್ತದೆ, ಬೈಲಪ್ಪ ಪಂಚೆ ಎತ್ತಿ ಕಟ್ಟಿಕೊಂಡು ಓಡಿಬಂದ.

‘ಯಾರ್ ಏಳಿದ್ರೇ ನಿಂಗೆ ಅಗಿಯಕ್ಕೆ?’

ನಾನು ಉತ್ತರ ಕೊಡುವ ಮೊದಲೇ ಕಂಡಕ್ಟರ್ ಹೆಂಡತಿ ಆ ಉದ್ದನೆಯ ವೇಸ್ಟನ್ನು ಅವನ ಮುಂದೆ ಹಿಡಿದಳು. ‘ಗೌಡ್ರೆ, ಇದು ಯಾವ ಮನೆ ಬಚ್ಚಲಿಂದ ಬಂತು ಹೇಳಿ. ಖಾಲಿ ಮಾಡಿಸ್ಬೇಕಲ್ಲ ಅವ್ರನ್ನ!’

ಹೆಂಗಸರು ನಕ್ಕರು. ಬೈಲಪ್ಪನ ಮುಖ ಇಳಿಯಿತು. ‘ಆಯ್ತು ಬಿಡ್ರಮ್ಮ, ಅವ್ಳು ಇರ್ಲಿ’ ಎಂದು ತಿರುಗಿದ.

‘ಇರ್ಲಿ ಅಂದ್ರೆ?’ ಎಂದಳು ಸಾವಿತ್ರಿ. ‘ತಪ್ಪು ಮಾಡಿದ್ರೂ ಹೋಗ್ಲಿ ಪಾಪ ಇರ್ಲಿ ಅಂತಾನಾ? ಯಾರ್ ತಪ್ಪು ಅಂತ ಹೇಳಿ ಹೋಗಿ.’

ಅವನು ತಿರುಗಿಯೂ ನೋಡದೆ ಹೋದ. ಅವಳು ನನ್ನ ಕಡೆ ತಿರುಗಿದಳು.

‘ನೀವು ಹೇಳಿ ಅಕ್ಕ. ಅವತ್ತು ಮೋರಿ ಸುಳ್ಳು ಹೇಳಲ್ಲ ಅಂದ್ರಿ.’

‘ಮೋರಿ ಹೇಳ್ಲಿಲ್ಲ ಕಣಮ್ಮ. ನಾನು ಹೇಳ್ದೆ. ನೋಡ್ದೆ ಹೇಳ್ದೆ. ನಂದೇ ತಪ್ಪು.’

‘ಅಂಗಳದಲ್ಲಿ ನಿಂತು ಹೇಳಿ. ಅವತ್ತು ನಿಂತಿದ್ದ ಜಾಗದಲ್ಲೇ.’

ಹೋಗಿ ನಿಂತು ಹೇಳಿದೆ. ಮನೆಯೊಳಗಿದ್ದ ಮುದುಕರು, ಮಕ್ಕಳು ಎಲ್ಲ ಬಾಗಿಲಿಗೆ ಬಂದು ಕೇಳಿದರು. ಅವಮಾನವಾಯಿತು, ಆಗಬೇಕಾಗಿತ್ತು. ಮುಗಿಯಿತು ಎಂದು ಗೋಣಿ ಎತ್ತಿಕೊಂಡರೆ ಸಾವಿತ್ರಿ ಬಿಡಲಿಲ್ಲ.

‘ನಮ್ಮೆಜಮಾನ್ರು ಕೇಳಿಲ್ಲ. ಮೂರೂವರೆಗೆ ಬರ್ತಾರೆ. ಕೂತ್ಕೊಳ್ಳಿ.’

ಅವಳ ಮೆಟ್ಟಿಲ ಮೇಲೆ ಕೂತೆ. ಚಿಕ್ಕಣ್ಣ ಓಣಿಯ ಜಾಯಿಂಟಿಗೆ ಸಣಬು ತುರುಕಿ ಸಿಮೆಂಟು ಹಚ್ಚುತ್ತಿದ್ದ. ಅವಳು ಕಾಫಿ ಕೊಡಲಿಲ್ಲ, ಕೊಟ್ಟಿದ್ದರೆ ನಾನು ಕುಡಿಯುತ್ತಲೂ ಇರಲಿಲ್ಲ. ಬಟ್ಟೆಕಲ್ಲಿನ ಹತ್ತಿರ ಹೋಗಿ ನಾಲ್ಕೈದು ದಿನದ ಬಟ್ಟೆಯನ್ನೆಲ್ಲ ಹಾಕಿ ಒಗೆಯತೊಡಗಿದಳು, ಯಾರ ಸರದಿ ಎಂದೂ ಕೇಳಲಿಲ್ಲ. ಕಂಡಕ್ಟರ್ ಹೆಂಡತಿ ತನ್ನ ಬಕೀಟು ಪಕ್ಕಕ್ಕೆ ಸರಿಸಿಕೊಂಡಳು.

ಬೈಲಪ್ಪ ಆಮೇಲೆ ಮೂರೂ ವಠಾರದಿಂದ ನಮ್ಮನ್ನು ಬಿಡಿಸಿದ. ಕೆಂಪಮ್ಮ ಬಾಡಿಗೆಯವರನ್ನು ಎತ್ತಿಕಟ್ಟುತ್ತಾಳೆ ಎಂದು ಬೇರೆ ಓನರುಗಳ ಹತ್ತಿರವೂ ಹೇಳಿದ. ಕೆಲವರು ಕರೆಯುವುದು ಬಿಟ್ಟರು. ಇದನ್ನು ನಾನೇನೋ ದೊಡ್ಡ ತ್ಯಾಗ ಮಾಡಿದೆ ಎಂದು ಬರೆಯುತ್ತಿಲ್ಲ. ಮೊದಲ ದಿನವೇ ನಾನು ಬಾಯಿ ಮುಚ್ಚಿಕೊಂಡಿದ್ದರೆ ಇದೊಂದೂ ಆಗುತ್ತಿರಲಿಲ್ಲ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಇಷ್ಟೇ ಹೇಳುತ್ತೇನೆ: ನಿಮ್ಮ ಮಿಷನ್ನು ಎಷ್ಟಾದರೂ ದೊಡ್ಡದಿರಲಿ, ಎಳೆದದ್ದನ್ನು ಮನೆಯವರಿಗೆ ತೋರಿಸಿ, ಎಲ್ಲಿ ಸಿಕ್ಕಿತು ಹೇಳಿ. ಯಾರದು ಎಂದು ಹೇಳಬೇಡಿ. ಯಾರದು ಎಂದು ನಿಮಗೆ ಗೊತ್ತಿರುವುದಿಲ್ಲ. ಗೊತ್ತಿದೆ ಎಂದು ನನಗೂ ಅನ್ನಿಸಿತ್ತು.

ಆ ದಿನ ಫ್ಯಾಕ್ಟರಿ ಸೈರನ್ ಕೂಗಿ ಸ್ವಲ್ಪ ಹೊತ್ತಿಗೆ ರಂಗಸ್ವಾಮಿ ಸೈಕಲ್ಲಿನಲ್ಲಿ ಬಂದ. ಹ್ಯಾಂಡಲಿಗೆ ಊಟದ ಚೀಲ, ಮುಖದಲ್ಲಿ ಎಣ್ಣೆ. ನನ್ನನ್ನು ನೋಡಿ ಮತ್ತೆ ಮೋರಿ ಕಟ್ಟಿತೇನೋ ಎಂದು ಗಾಬರಿಯಾದ. ನಾನು ಎದ್ದು ನಿಂತೆ.

‘ರಂಗಸ್ವಾಮಿ, ಆ ವೇಸ್ಟು ನಿಮ್ಮನೇದಲ್ಲ. ಪೈಪಿನ ಜಾಯಿಂಟಿಗೆ ಓನರೇ ತುರುಕ್ಸಿದ್ದು. ನಾನು ನೋಡ್ದೆ ನಿನ್ ಹೆಂಡ್ತಿ ಮೇಲೆ ಹಾಕ್ದೆ. ಅವಳದೇನೂ ತಪ್ಪಿಲ್ಲ.’

ಅವನು ತಲೆ ಬಗ್ಗಿಸಿ ಸೈಕಲ್ ಸ್ಟ್ಯಾಂಡು ಕಾಲಲ್ಲಿ ಒತ್ತಿದ. ‘ಆಯ್ತು ಬಿಡಿ ಅಮ್ಮ’ ಎಂದ.

‘ಇನ್ನೊಂದ್ಸಲ ಹೇಳಿ ಅಕ್ಕ’ ಎಂದಳು ಸಾವಿತ್ರಿ, ಒಗೆಯುವುದು ನಿಲ್ಲಿಸದೆ. ‘ಪ್ರೆಸ್ಸಿನ ಸದ್ದಿಗೆ ಇವ್ರಿಗೆ ಕಿವಿ ಮಂದ.’

ಇನ್ನೊಂದು ಸಲ ಹೇಳಿದೆ, ಇನ್ನೂ ಗಟ್ಟಿಯಾಗಿ. ಎದುರು ಮನೆಯ ಬಾಗಿಲು ತೆರೆಯಿತು.

ರಂಗಸ್ವಾಮಿ ಹೆಂಡತಿಯ ಕಡೆ ನೋಡಿದ. ‘ಕೇಳಿಸ್ತು ಕಣೆ’ ಎಂದ. ನಾಲ್ಕೈದು ದಿನದಲ್ಲಿ ಅವಳಿಗೆ ಅವನು ಆಡಿದ ಮೊದಲ ಮಾತು ಅದು.

ಅವಳು ಬಟ್ಟೆ ಕಲ್ಲಿನ ಮೇಲೆ ಬಿಟ್ಟು ಸೊಂಟ ನೆಟ್ಟಗೆ ಮಾಡಿ ನಿಂತಳು.

‘ಏನ್ ಕೇಳಿಸ್ತು? ಹೇಳಿ, ನಾನೂ ಕೇಳ್ತೀನಿ.’

ಅವನು ಹೇಳುವವರೆಗೂ ನಾನು ಅಲ್ಲಿಂದ ಕದಲಲಿಲ್ಲ.